‘ಆ ಕಾಲಂ ಯಾಕ್ ಬೇಕಿತ್ತು ತಂಗಿ?’: ಕಾಲೇಜಿಗೂ ಸಂಘಕ್ಕೂ ನಡುವೆ ಓಡಾಡಿದ ನೀಲಗುಂದದ ಹುಡುಗಿಯ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಹಾಸ್ಟೆಲ್ ಮಂಚದ ಮೇಲೆ ಬಿದ್ಕೊಂಡು ಕೇಳ್ತಿದ್ದೀರೋ, ಎಲ್ಲಿದ್ದರೂ ಒಂದು ಇಪ್ಪತ್ತು ನಿಮಿಷ ಕಿವಿ ಕೊಡಿ. ಸ್ಪೀಡ್ ಒಂದೂವರೆಗೆ ಹಾಕ್ಕೊಂಡ್ರೂ ಬೇಜಾರಿಲ್ಲ, ನಾನು ಸ್ವಲ್ಪ ನಿಧಾನಕ್ಕೇ ಮಾತಾಡೋದು.

ನನ್ನೂರು ನೀಲಗುಂದ, ಹರಪನಹಳ್ಳಿ ತಾಲ್ಲೂಕು. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ದೇವಸ್ಥಾನ ಇರೋ ಊರು. ‘ಯಾವ ಜಿಲ್ಲೆ?’ ಅಂತ ಕೇಳಿದ್ರೆ ಮಾತ್ರ ಉಸಿರು ತಗೊಂಡು ಉತ್ತರ ಹೇಳಬೇಕು. ನಮ್ಮಜ್ಜಿಗೆ ಅದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿಸಿದ್ರು. 2018ರ ಹೊತ್ತಿಗೆ ಮತ್ತೆ ಬಳ್ಳಾರಿ ಅಂದ್ರು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ನಾವು ಎಲ್ಲೂ ಹೋಗಿಲ್ಲ, ಕೂತಲ್ಲೇ ಕೂತಿದ್ವಿ, ಜಿಲ್ಲೆಗಳೇ ನಮ್ಮ ತಲೆ ಮೇಲೆ ಹಾದುಹೋದವು. ಇದನ್ನ ತಮಾಷೆಗೆ ಹೇಳ್ತಿಲ್ಲ, ಮುಂದೆ ಈ ವಿಷಯ ಬರುತ್ತೆ.

ಇವತ್ತು ಮಾತಾಡಬೇಕಾಗಿರೋದು ಒಂದು ಕೆಲಸದ ಬಗ್ಗೆ. ಅದಕ್ಕೆ ಸಂಬಳ ಇಲ್ಲ, ನಮ್ಮ ಕಡೆ ಅದಕ್ಕೊಂದು ಹೆಸರೂ ಇಲ್ಲ. ಕಾಲೇಜಿನಿಂದ ಎನ್ನೆಸ್ಸೆಸ್ ಅಂತಲೋ, ಪ್ರಾಜೆಕ್ಟ್ ಅಂತಲೋ ಹಳ್ಳಿಗೆ ಹೋಗ್ತೀವಲ್ಲ, ಆಗ ಕಾಲೇಜಿನವರಿಗೂ ಅಲ್ಲಿ ಮೊದಲಿಂದ ಕೆಲಸ ಮಾಡ್ತಿರೋ ಸಂಘ–ಸಂಸ್ಥೆಯವರಿಗೂ ನಡುವೆ ಫೋನ್ ಮಾಡೋ, ಓಡಾಡೋ, ಬೈಸಿಕೊಳ್ಳೋ ಒಬ್ಬ ವಿದ್ಯಾರ್ಥಿ ಇರ್ತಾನೆ ಅಥವಾ ಇರ್ತಾಳೆ. ಅಮೆರಿಕದ ಯೂನಿವರ್ಸಿಟಿಗಳಲ್ಲಿ ಇದಕ್ಕೆ ಸ್ಟೂಡೆಂಟ್ ಲಿಯೇಜನ್ ಅಂತಾರೆ. ಅಲ್ಲಿ ‘ಸರ್ವೀಸ್ ಲರ್ನಿಂಗ್’ ಅನ್ನೋ ಮಾತು 1960ರ ದಶಕದಲ್ಲೇ ಹುಟ್ಟಿತು. 1985ರಲ್ಲಿ ಬ್ರೌನ್, ಜಾರ್ಜ್‌ಟೌನ್, ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಗಳ ಅಧ್ಯಕ್ಷರು ಸೇರಿ ‘ಕ್ಯಾಂಪಸ್ ಕಾಂಪ್ಯಾಕ್ಟ್’ ಅಂತ ಒಂದು ಒಕ್ಕೂಟ ಕಟ್ಟಿದ್ರು. ನಮ್ಮಲ್ಲಿ ಆ ಪದ ಇಲ್ಲ. ‘ಲೇ, ನೀನು ಆ ಕಡೆಯಾಕಿ ಅಲ್ಲ? ಸಂಘದೋರ ಜೊತೆ ನೀನೇ ಮಾತಾಡು’ ಅಂತ ಸರ್ ಹೇಳ್ತಾರೆ. ಆಯ್ತು, ನೇಮಕಾತಿ ಮುಗೀತು.

ಆದರೆ ನಾವು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಎನ್ನೆಸ್ಸೆಸ್ ಶುರುವಾಗಿದ್ದು 24 ಸೆಪ್ಟೆಂಬರ್ 1969, ಗಾಂಧೀಜಿ ಹುಟ್ಟಿ ನೂರು ವರ್ಷ ಆದ ವರ್ಷ. 37 ವಿಶ್ವವಿದ್ಯಾಲಯ, 40 ಸಾವಿರ ವಿದ್ಯಾರ್ಥಿಗಳು. ಅದನ್ನ ಶುರು ಮಾಡಿದ ಕೇಂದ್ರ ಶಿಕ್ಷಣ ಮಂತ್ರಿ ಯಾರು ಗೊತ್ತಾ? ವಿ.ಕೆ.ಆರ್.ವಿ. ರಾವ್. ದೊಡ್ಡ ಅರ್ಥಶಾಸ್ತ್ರಜ್ಞ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರು, ಆಮೇಲೆ ಬೆಂಗಳೂರಿನ ಐಸೆಕ್ ಕಟ್ಟಿದವರು. ಆಗ ಅವರು ಲೋಕಸಭೆಗೆ ಗೆದ್ದು ಹೋಗಿದ್ದು ಬಳ್ಳಾರಿ ಕ್ಷೇತ್ರದಿಂದ! ಇಡೀ ದೇಶದ ಕಾಲೇಜು ಹುಡುಗರ ಕೈಗೆ ಸಲಿಕೆ ಕೊಟ್ಟ ಮಂತ್ರಿ ನಮ್ಮ ಬಳ್ಳಾರಿ ಎಂಪಿ. ನಾನು ಎರಡು ವರ್ಷ ಎನ್ನೆಸ್ಸೆಸ್‌ನಲ್ಲಿದ್ದೆ, ಒಬ್ಬರೂ ಇದನ್ನ ಹೇಳಲಿಲ್ಲ. ಪ್ರತಿ ಕ್ಯಾಂಪಿನ ಉದ್ಘಾಟನೆಯಲ್ಲಿ ಒಂದೂವರೆ ಗಂಟೆ ಭಾಷಣ ಇರುತ್ತೆ, ಅದರಲ್ಲಿ ಎರಡು ನಿಮಿಷ ಇದಕ್ಕೆ ಕೊಡಬಹುದಿತ್ತು.

ಎನ್ನೆಸ್ಸೆಸ್ ಲೆಕ್ಕ ನಿಮಗೆ ಗೊತ್ತೇ ಇರುತ್ತೆ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240. ಜೊತೆಗೆ ಏಳು ದಿನದ ಕ್ಯಾಂಪ್. ಸಾಮಾನ್ಯವಾಗಿ ನೂರು ಜನರ ಒಂದು ಯೂನಿಟ್ಟಿಗೆ ಒಬ್ಬರು ಪ್ರೋಗ್ರಾಂ ಆಫೀಸರ್. ಅವರು ಪಾಠವನ್ನೂ ಮಾಡಬೇಕು, ಪರೀಕ್ಷೆ ಕೆಲಸ ನೋಡಬೇಕು, ಇಂಟರ್ನಲ್ಸ್ ಅಂಕ ಹಾಕಬೇಕು, ಅದರ ಮಧ್ಯೆ ಹಳ್ಳಿಯನ್ನೂ ನೋಡ್ಕೋಬೇಕು. ಹಾಗಾಗಿ ನಡುವೆ ಓಡಾಡೋಕೆ ಹುಡುಗರು ಬೇಕೇ ಬೇಕು. ಆ ಹುಡುಗರಿಗೆ ಏನು ಗೊತ್ತಿರಬೇಕು ಅನ್ನೋದನ್ನ ಮಾತ್ರ ಯಾರೂ ಕೂರಿಸಿಕೊಂಡು ಹೇಳಲ್ಲ. ನನಗೂ ಹೇಳಲಿಲ್ಲ.

ಈಗ ನನ್ನ ಕಥೆ. 2023ರ ಶುರುವಿನಲ್ಲಿ ನಮ್ಮ ಕ್ಯಾಂಪ್. ನಾನು ಬಿಎ ಎರಡನೇ ವರ್ಷ. ನಮ್ಮ ತಾಲ್ಲೂಕಿನದೇ ಒಂದು ಹಳ್ಳಿ. ಹೆಸರು ಹೇಳಲ್ಲ, ಯಾಕೆ ಅಂತ ನಿಮಗೇ ತಿಳಿಯುತ್ತೆ. ಅಲ್ಲಿ ಮಾಜಿ ದೇವದಾಸಿ ಮಹಿಳೆಯರ ಜೊತೆ, ಅವರ ಮಕ್ಕಳ ಜೊತೆ ಕೆಲಸ ಮಾಡೋ ಒಂದು ಸಣ್ಣ ಸಂಘ ಇತ್ತು. ಅದರ ಹೆಸರೂ ಬೇಡ. ಅದನ್ನ ನಡೆಸ್ತಿದ್ದವರನ್ನ ಅಕ್ಕಾರೆ ಅಂತಲೇ ಕರೀತಿದ್ವಿ, ಇಲ್ಲೂ ಹಾಗೇ ಕರೀತೀನಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೇವರ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟೋದು ಕರ್ನಾಟಕದಲ್ಲಿ 1982ರ ಕಾಯ್ದೆ ಬಂದಾಗಿಂದಲೂ ಅಪರಾಧ. ಸರ್ಕಾರ 1993–94ರಲ್ಲಿ ಒಂದು ಸಮೀಕ್ಷೆ, 2007–08ರಲ್ಲಿ ಇನ್ನೊಂದು ಸಮೀಕ್ಷೆ ಮಾಡಿಸಿತು. ಎರಡೂ ಸೇರಿ 46,660 ಮಹಿಳೆಯರ ಹೆಸರು ಪಟ್ಟಿಯಲ್ಲಿದೆ. ಆಗ ಪಿಂಚಣಿ, ಮನೆ, ಸಾಲ ಏನೇ ಬರಬೇಕಂದ್ರೂ ಆ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಈ ವಿಷಯ ಮರೀಬೇಡಿ. ಅವರ ಜೀವನದಲ್ಲಿ ‘ಸಮೀಕ್ಷೆ’ ಅನ್ನೋ ಪದಕ್ಕೆ ನಮಗಿರೋ ಅರ್ಥ ಇಲ್ಲ. ಮನೆ ಬಾಗಿಲಿಗೆ ಒಬ್ಬರು ಪೆನ್ನು–ಹಾಳೆ ಹಿಡ್ಕೊಂಡು ಬಂದ್ರೆ, ಬದುಕು ಸ್ವಲ್ಪ ಬದಲಾಗಬಹುದು ಅಂತ ಅರ್ಥ.

ನಾವು ಪೆನ್ನು–ಹಾಳೆ ಹಿಡ್ಕೊಂಡೇ ಹೋದ್ವಿ. ‘ಸಾಮಾಜಿಕ–ಆರ್ಥಿಕ ಸಮೀಕ್ಷೆ’ ಅಂತ ಫಾರಂ. ಆ ಫಾರಂ ತಯಾರು ಮಾಡಿದ್ದು ನಾನೇ. ಹಳೇ ವರ್ಷದ ಒಂದು ಫಾರಂ ಪಿಡಿಎಫ್ ಇತ್ತು, ಅದನ್ನ ನೋಡ್ಕೊಂಡು ಮೊಬೈಲಲ್ಲೇ ಟೈಪ್ ಮಾಡಿ 200 ಜೆರಾಕ್ಸ್ ಮಾಡಿಸಿದೆ. ಸಂಘದ ಅಕ್ಕಾರಿಗೆ ಮೊದಲೇ ತೋರಿಸಬೇಕು ಅನ್ನೋದು ತಲೆಗೇ ಬರಲಿಲ್ಲ. ಫೋನ್ ಮಾಡಿ ಊಟಕ್ಕೆ ಎಷ್ಟು ಜನ, ಶಾಲೆ ಬೀಗ ಯಾರ ಹತ್ರ ಇರುತ್ತೆ, ನೀರು ಎಷ್ಟೊತ್ತಿಗೆ ಬಿಡ್ತಾರೆ, ಇಷ್ಟೇ ಕೇಳಿದ್ದೆ. ಅದೇ ನನ್ನ ಕೆಲಸ ಅಂದ್ಕೊಂಡಿದ್ದೆ.

ಮೊದಲ ದಿನ ಬೆಳಗ್ಗೆ ಐದೈದು ಜನರ ತಂಡ ಮಾಡಿ ಹೊರಟ್ವಿ. ಮಧ್ಯಾಹ್ನ ಊಟದ ಹೊತ್ತಿಗೆ 31 ಫಾರಂ ತುಂಬಿತ್ತು. ಖುಷಿಯಾಗಿದ್ವಿ. ಅಷ್ಟರಲ್ಲಿ ಅಕ್ಕಾರ ಫೋನು. ಸಿಟ್ಟಿನ ದನಿ ಅಲ್ಲ. ಸಿಟ್ಟಾಗಿದ್ರೆ ಚೆನ್ನಾಗಿರ್ತಿತ್ತು.

‘ತಂಗಿ, ನಿಮ್ ಫಾರಂನ್ಯಾಗ ಮೂರನೇ ಕಾಲಂ ಏನೈತಿ, ಓದು.’

ಓದಿದೆ. ‘ತಂದೆ ಅಥವಾ ಗಂಡನ ಹೆಸರು.’

‘ಆ ಕಾಲಂ ಯಾಕ್ ಬೇಕಿತ್ತು ತಂಗಿ?’

ನನ್ನ ಹತ್ರ ಉತ್ತರ ಇರಲಿಲ್ಲ. ನಿಜ ಹೇಳ್ಬೇಕಂದ್ರೆ ಯಾವ ಉದ್ದೇಶಕ್ಕೂ ಬೇಕಿರಲಿಲ್ಲ. ಹಳೇ ಫಾರಂನಲ್ಲಿತ್ತು, ಹೊಸ ಫಾರಂಗೆ ಬಂತು. ಒಂದು ಮನೆಯಲ್ಲಿ ತಾಯಿ ಕೂಲಿಗೆ ಹೋಗಿದ್ರು, ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳೇ ಇದ್ದಳು. ನಮ್ಮ ತಂಡದ ಹುಡುಗ ಕೇಳಿದಾನೆ. ಅವಳು ಸುಮ್ಮನಿದ್ದಳು. ಇವನು ಪಾಪ, ಕೇಳಿಸಲಿಲ್ಲ ಅಂದ್ಕೊಂಡು ಇನ್ನೊಂದು ಸಲ ಜೋರಾಗಿ ಕೇಳಿದಾನೆ. ಓಣಿಯಲ್ಲಿ ನಾಲ್ಕು ಜನ ನಿಂತು ನೋಡ್ತಿದ್ರು. ಅವಳು ಒಳಗೆ ಹೋಗಿ ಬಾಗಿಲು ಹಾಕ್ಕೊಂಡಳು. ಫಾರಂನಲ್ಲಿ ಆ ಜಾಗದಲ್ಲಿ ಅವನು ‘ಹೇಳಲಿಲ್ಲ’ ಅಂತ ಬರೆದಿದ್ದ.

ಅವತ್ತು ರಾತ್ರಿ ಶಾಲೆ ಕೋಣೆಯಲ್ಲಿ ಐವತ್ತು ಜನ ಕೂತು, ಉಳಿದ 169 ಹಾಳೆಗಳಲ್ಲಿ ಆ ಕಾಲಂ ಮೇಲೆ ಸ್ಕೇಲ್ ಇಟ್ಟು ಕಪ್ಪು ಸ್ಕೆಚ್ ಪೆನ್ನಲ್ಲಿ ಹೊಡೆದ್ವಿ. ತುಂಬಿದ್ದ 31ನ್ನ ಅಕ್ಕಾರೆ ಇಸ್ಕೊಂಡು ಅಲ್ಲೇ ಒಲೆಗೆ ಹಾಕಿದ್ರು. ಸರ್ ಏನೂ ಅನ್ನಲಿಲ್ಲ, ಅವರೂ ಒಂದು ಸ್ಕೆಚ್ ಪೆನ್ ತಗೊಂಡು ಕೂತ್ರು. ಆ ವಿಷಯದಲ್ಲಿ ಅವರನ್ನ ಇವತ್ತಿಗೂ ಮೆಚ್ಚುತೀನಿ.

ಮರುದಿನ ನಾವೆಲ್ಲ ಹೋಗಿ ಆ ಮನೆಯವರ ಹತ್ರ ಕ್ಷಮೆ ಕೇಳೋಣ ಅಂತ ಅಂದ್ಕೊಂಡ್ವಿ. ಅಕ್ಕಾರೆ ಬೇಡ ಅಂದ್ರು. ‘ಐದು ಮಂದಿ ಹೋಗಿ ಕೇಳಿದ್ದಕ್ಕ ಇಷ್ಟಾತು. ಐವತ್ತು ಮಂದಿ ಹೋಗಿ ತಪ್ಪಾತು ಅಂದ್ರ ಊರೆಲ್ಲ ಜಾತ್ರಿ ಆಕೈತಿ. ಸುಮ್ನಿರ್ರಿ.’ ಒಂದು ತಿಂಗಳು ಬಿಟ್ಟು ಅಕ್ಕಾರ ಜೊತೆ ನಾನೊಬ್ಬಳೇ ಹೋದೆ. ಆ ತಾಯಿ ಒಂದೇ ಮಾತು ಹೇಳಿದ್ರು: ‘ಎರಡು ದಿನ ಸಾಲಿಗೆ ಹೋಗ್ಲಿಲ್ಲವ್ವ ಆಕಿ.’ ಮತ್ತೇನೂ ಹೇಳಲಿಲ್ಲ. ಹುಡುಗಿ ಹೊರಗೆ ಬರಲಿಲ್ಲ. ನಾನು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಇದಾದ ಮೇಲೆ ಈ ವಿಷಯ ಕಾಯ್ದೆಯ ಮಟ್ಟದಲ್ಲೇ ಬಂತು. ದೇವದಾಸಿ ಮಹಿಳೆಯರ ಸಂಘಟನೆಗಳು ವರ್ಷಗಟ್ಟಲೆ ಕೇಳ್ತಾ ಬಂದಿದ್ದವು. ಹೊಸ ಕಾಯ್ದೆಯ ಕರಡನ್ನ ಅವರ ಜೊತೆ ಕೂತು ಬರೆದವರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನವರೂ ಇದ್ದರು. 2025ರ ಆಗಸ್ಟಿನಲ್ಲಿ ವಿಧಾನಮಂಡಲದಲ್ಲಿ ಮಸೂದೆ ಪಾಸಾಯ್ತು. ಅರ್ಜಿಗಳಲ್ಲಿ ತಂದೆ ಹೆಸರು ಬರೀಲೇಬೇಕು ಅಂತ ಈ ಮಕ್ಕಳನ್ನ ಒತ್ತಾಯ ಮಾಡೋ ಹಾಗಿಲ್ಲ ಅನ್ನೋದು ಅದರಲ್ಲಿದೆ. ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ಆ ಸ್ಕೆಚ್ ಪೆನ್ನಿನ ವಾಸನೆ. ಯೂನಿವರ್ಸಿಟಿಯವರು ಜನರ ಜೊತೆ ಕೂತು ಕಾನೂನಿನ ಕರಡನ್ನೇ ಬರೀಬಹುದು. ನಾವು ಒಂದು ಫಾರಂ ಬರೆಯೋ ಮುಂಚೆ ಅವರ ಜೊತೆ ಕೂರಲಿಲ್ಲ.

ಎರಡನೇ ತಪ್ಪೂ ಅವತ್ತೇ ಗೊತ್ತಾಯ್ತು. ಒಬ್ಬ ಅಜ್ಜಿ ನಮ್ಮ ಹುಡುಗಿಯೊಬ್ಬಳ ಕೈ ಹಿಡ್ಕೊಂಡು, ‘ಹೆಸರು ಬರ್ಕಂಡ್ಯಲ್ಲವ್ವ, ಪಿಂಚಣಿ ಯಾವಾಗ್ ಬರ್ತೈತಿ?’ ಅಂತ ಕೇಳಿದ್ರಂತೆ. ಆ ಅಜ್ಜಿ ಹೆಸರು ಎರಡೂ ಪಟ್ಟಿಯಲ್ಲಿರಲಿಲ್ಲ. ನಮ್ಮ ಹುಡುಗಿ ಏನು ಹೇಳಬೇಕೋ ತಿಳೀದೆ ‘ಬರುತ್ತಜ್ಜಿ’ ಅಂದುಬಿಟ್ಟಿದ್ದಾಳೆ. ಸಮಾಧಾನಕ್ಕೆ ಹೇಳಿದ್ದು. ಆದರೆ ಆ ಅಜ್ಜಿ ಮುಂದಿನ ಆರು ತಿಂಗಳು ಅಕ್ಕಾರನ್ನ ಕಂಡಾಗಲೆಲ್ಲ ‘ಕಾಲೇಜಿನ ಹುಡುಗಿ ಬರ್ಕಂಡ್ ಹೋಗ್ಯಾಳ, ನೀನೇ ತಡದಿ ಏನು?’ ಅಂತ ಕೇಳ್ತಿದ್ರಂತೆ. ನಾವು ಏಳು ದಿನಕ್ಕೆ ಟೆಂಟ್ ಕಿತ್ಕೊಂಡು ಬಂದ್ವಿ. ನಮ್ಮ ಸುಳ್ಳಿಗೆ ಅಕ್ಕಾರೆ ಆರು ತಿಂಗಳು ಉತ್ತರ ಕೊಟ್ರು. ಅದಕ್ಕೇ ಮುಂದಿನ ವರ್ಷದಿಂದ ನಮ್ಮ ಹುಡುಗರು ಬಾಗಿಲಲ್ಲಿ ಹೇಳೋ ಮೊದಲ ಮಾತು, ನಮಸ್ಕಾರಕ್ಕೂ ಮೊದಲು: ‘ನಾವು ಸರ್ಕಾರದವರಲ್ಲ. ಇದರಿಂದ ಪಿಂಚಣಿ ಬರಲ್ಲ.’ ಕೇಳೋಕೆ ಒರಟು. ಆದರೆ ಹಾಗೆ ಹೇಳಿದ ಮೇಲೂ ‘ಬರ್ರಿ, ಕುಂದರ್ರಿ’ ಅಂತ ಒಳಗೆ ಕರೆದವರು ನಮ್ಮ ಜೊತೆ ಮಾತಾಡಿದ್ದೇ ಬೇರೆ ರೀತಿ.

ಆಮೇಲೆ ನಾನು ಅಕ್ಕಾರ ಹತ್ರ ಕೂತು ನೇರವಾಗಿ ಕೇಳಿದೆ: ನಾವು ಬಂದ್ರೆ ನಿಮಗೆ ಏನು ಉಪಯೋಗ? ಅವರು ನಕ್ಕುಬಿಟ್ರು. ‘ಬೀದಿ ಕಸ ಹೊಡೀತೀರಿ. ನಾವು ದಿನಾ ಹೊಡಿಯಾಕತ್ತೀವಲ್ಲ. ಜಾಥಾ ಮಾಡ್ತೀರಿ, ಘೋಷಣೆ ಕೂಗ್ತೀರಿ, ನಾವು ಕೇಳೀವಿ. ನಿಮ್ ಕೈಯಾಗ ಮೊಬೈಲ್ ಅದಾವಲ್ಲ, ಅವನ್ನ ತಗೊಂಬರ್ರಿ.’

ಏನಪ್ಪಾ ಅಂದ್ರೆ, ಮಕ್ಕಳ ಸ್ಕಾಲರ್‌ಶಿಪ್. ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಿದವರಿಗೆ ಗೊತ್ತು ಅದರ ಕಷ್ಟ. ಜಾತಿ–ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತರಬೇಕು. ಅದರಲ್ಲಿರೋ ಹೆಸರಿನ ಸ್ಪೆಲ್ಲಿಂಗ್ ಆಧಾರಿನ ಜೊತೆ ಹೊಂದಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರಬೇಕು, ಬರೀ ಲಿಂಕ್ ಆಗಿದ್ರೆ ಸಾಲದು. ಓಟಿಪಿ ಬರೋ ನಂಬರು ಎರಡು ವರ್ಷದ ಹಿಂದೆ ಕಳೆದುಹೋದ ಸಿಮ್ಮಿನದಾಗಿರುತ್ತೆ. ನಮ್ಮ ತಾಲ್ಲೂಕಿನವರಿಗೆ ಇದರ ಮೇಲೆ ಜಿಲ್ಲೆಯ ಗೋಳು! ಅಣ್ಣನ ಪ್ರಮಾಣಪತ್ರದಲ್ಲಿ ದಾವಣಗೆರೆ ಜಿಲ್ಲೆ, ತಂಗಿಯದರಲ್ಲಿ ಬಳ್ಳಾರಿ, ಡ್ರಾಪ್‌ಡೌನಿನಲ್ಲಿ ಹುಡುಕಬೇಕಾಗಿದ್ದು ವಿಜಯನಗರ. ಒಬ್ಬ ತಾಯಿ ಮೂರು ಸಲ ಸೈಬರ್ ಸೆಂಟರಿಗೆ ಹೋಗಿ, ಪ್ರತಿ ಸಲ ಒಂದು ದಿನದ ಕೂಲಿ ಬಿಟ್ಟು, ಮೂರು ಸಲವೂ ‘ನಾಳೆ ಬರ್ರಿ’ ಅನ್ನಿಸಿಕೊಂಡು ಬಂದಿದ್ರು. ನಮ್ಮ ಕ್ಲಾಸಿನ ಒಬ್ಬಳು ಕಟ್ಟೆ ಮೇಲೆ ಕೂತು ನಲವತ್ತು ನಿಮಿಷದಲ್ಲಿ ಮುಗಿಸಿದಳು.

ಈ ಕೆಲಸವನ್ನ ಕಾಲೇಜಿಗೆ ಒಪ್ಪಿಸೋದು ಸುಲಭ ಆಗಲಿಲ್ಲ. ಸಂಜೆ ಆರರಿಂದ ಎಂಟು ಗಂಟೆವರೆಗೆ ಮೊಬೈಲ್ ನೋಡ್ತಾ ಕೂತಿದ್ದನ್ನ ‘ಶ್ರಮದಾನ’ ಅಂತ ರಿಜಿಸ್ಟರಲ್ಲಿ ಬರೆಯೋದು ಹೇಗೆ? ಸರ್ ಎರಡು ದಿನ ಯೋಚನೆ ಮಾಡಿ ‘ಸಾಕ್ಷರತಾ ಕಾರ್ಯ’ ಅಂತ ಬರೆದ್ರು. ಇನ್ನೊಂದು ಫೋಟೋ ತಕರಾರು. ನ್ಯಾಕ್‌ನವರು ಬಂದಾಗ ತೋರಿಸೋಕೆ ಜಿಯೋ ಟ್ಯಾಗ್ ಇರೋ ಫೋಟೋ ಬೇಕೇ ಬೇಕು. ಆದರೆ ಆ ಮಕ್ಕಳ ಮುಖ ಯಾವ ಫೋಟೋದಲ್ಲೂ ಬರಬಾರದು ಅನ್ನೋದು ಅಕ್ಕಾರ ಷರತ್ತು. ನಮ್ಮ ಹುಡುಗರೊಬ್ಬರು ಆಗಲೇ ಇನ್‌ಸ್ಟಾದಲ್ಲಿ ಸ್ಟೋರಿ ಹಾಕಿ, ಅಕ್ಕಾರೆ ಹೇಳಿದ ಮೇಲೆ ತೆಗೆದಿದ್ರು. ಸ್ಟೋರಿ ಇಪ್ಪತ್ನಾಲ್ಕು ಗಂಟೆಗೆ ಹೋಗುತ್ತೆ ಅಂತ ವಾದ ಮಾಡಿದ್ದ ಬೇರೆ. ಸ್ಕ್ರೀನ್‌ಶಾಟ್ ಹೋಗಲ್ಲ ಮಾರಾಯಾ. ಕೊನೆಗೆ ವರದಿಗೆ ಹೋದ ಫೋಟೋ ಯಾವುದು ಗೊತ್ತಾ? ಸಮುದಾಯ ಭವನದ ಬಾಗಿಲ ಹೊರಗೆ ಬಿಟ್ಟಿದ್ದ ಎಪ್ಪತ್ತು ಎಂಬತ್ತು ಜೊತೆ ಚಪ್ಪಲಿ. ಅಕ್ಷಾಂಶ–ರೇಖಾಂಶ ಸಮೇತ. ನನ್ನ ಪ್ರಕಾರ ನಮ್ಮ ಕಾಲೇಜಿನ ವರದಿಗಳಲ್ಲೇ ಚೆಂದದ ಫೋಟೋ ಅದು.

ಕ್ಯಾಲೆಂಡರಿನ ವಿಷಯವನ್ನೂ ಹೇಳಿಬಿಡ್ತೀನಿ. ಕಾಲೇಜಿಗೆ ಸೆಮಿಸ್ಟರ್ ಇದೆ, ಊರಿಗೆ ಹಂಗಾಮು ಇದೆ. ನಮ್ಮ ಕಡೆ ಮೆಕ್ಕೆಜೋಳ ಕಟಾವಿನ ಟೈಮಲ್ಲಿ ಮನೆಯಲ್ಲಿ ಯಾರೂ ಸಿಗಲ್ಲ. ಹೊಲದ ಕೆಲಸ ಮುಗೀತು ಅನ್ನೋ ಹೊತ್ತಿಗೆ ಗುಳೆ ಶುರು. ಕಾಫಿ ತೋಟಕ್ಕೆ, ಕಬ್ಬು ಕಡಿಯೋಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ನಾವು ಪರೀಕ್ಷೆ ಮುಗಿಸಿ ‘ಈಗ ಫ್ರೀ’ ಅಂತ ಹೋದಾಗ ಅರ್ಧ ಓಣಿಗೆ ಬೀಗ ಬಿದ್ದಿರುತ್ತೆ. ಆಗ ಕೆಲವರು ‘ಗ್ರಾಮಸ್ಥರ ಸಹಕಾರ ಕಡಿಮೆ’ ಅಂತ ವರದಿ ಬರೀತಾರೆ. ಅವರು ಹೊಟ್ಟೆಪಾಡಿಗೆ ಚಿಕ್ಕಮಗಳೂರಲ್ಲಿದ್ದಾರೆ ಸ್ವಾಮಿ, ಸಹಕಾರ ಎಲ್ಲಿಂದ ಕೊಡ್ತಾರೆ? ಯಾವ ವಾರ ಯಾರು ಊರಲ್ಲಿರ್ತಾರೆ ಅನ್ನೋದು ಪ್ರಿನ್ಸಿಪಾಲರಿಗೆ ಗೊತ್ತಿರಲ್ಲ, ಅದು ಗೊತ್ತಿರಬೇಕಾದ್ದು ನಡುವೆ ಓಡಾಡೋ ಹುಡುಗರಿಗೆ. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂದ ಮೇಲೆ ಕಾಲೇಜುಗಳು ಐದೈದು ಹಳ್ಳಿ ದತ್ತು ತಗೋತಿವೆ. ದತ್ತು ತಗೊಂಡ ಮಗು ಯಾವಾಗ ಮನೆಯಲ್ಲಿರುತ್ತೆ ಅನ್ನೋದಾದರೂ ತಿಳ್ಕೋಬೇಕಲ್ವಾ. ‘ದತ್ತು’ ಅನ್ನೋ ಪದವೇ ನನಗೆ ಅಷ್ಟು ಹಿಡಿಸಲ್ಲ, ಅದು ಬೇರೆ ಮಾತು.

ಖರ್ಚು. ಆ ವರ್ಷ ನಾನು ಹಳ್ಳಿಗೆ ಹದಿನಾಲ್ಕು ಸಲ ಹೋಗಿದ್ದೆ, ಬಸ್ ಚಾರ್ಜ್ ನನ್ನದೇ. ಅಪ್ಪನ ಹತ್ರ ‘ನೋಟ್ಸ್ ಜೆರಾಕ್ಸಿಗೆ’ ಅಂತ ಇಸ್ಕೊಂಡಿದ್ದು, ಅಪ್ಪ ಇದನ್ನ ಕೇಳ್ತಿದ್ರೆ ಈಗ ಗೊತ್ತಾಯ್ತು. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಬಸ್ ಫ್ರೀ ಆಯ್ತು. ಅವತ್ತಿಂದ ನಮ್ಮ ಕಾಲೇಜಿನಲ್ಲಿ ಈ ಕೆಲಸ ತನ್ನಷ್ಟಕ್ಕೆ ಹುಡುಗಿಯರ ಕೈಗೆ ಬಂತು. ಒಳ್ಳೇದೇ ಆಯ್ತು, ಆ ಮನೆಗಳ ಒಳಗೆ ಹೋಗಿ ಕೂರೋಕೆ ಹುಡುಗಿಯರಿಗೇ ಸಲೀಸು. ಆದರೂ ಒಂದು ಮಾತು ಕಾಲೇಜಿನವರು ಕೇಳಿಸ್ಕೊಂಡ್ರೆ ಚೆನ್ನ. ಕ್ಯಾಂಪಿನ ಬ್ಯಾನರಿಗೆ, ಶಾಲು–ಹಾರಕ್ಕೆ ದುಡ್ಡು ಇರುತ್ತೆ. ಈ ಹುಡುಗರ ರೀಚಾರ್ಜಿಗೆ ಒಂದು ಇನ್ನೂರು ಮುನ್ನೂರು ಇಡಿ.

ಇನ್ನು ದೊಡ್ಡ ಸಮಸ್ಯೆ. ನಾವು ಪಾಸಾಗಿ ಹೋಗಿಬಿಡ್ತೀವಿ. ಸಂಘದವರು ಅಲ್ಲೇ ಇರ್ತಾರೆ. ಅಕ್ಕಾರೆ ಒಂದು ಸಲ ಹೇಳಿದ್ರು: ‘ಪ್ರತಿ ವರ್ಷ ಹೊಸ ಹುಡುಗ್ರು ಬರ್ತಾರ, ಪ್ರತಿ ವರ್ಷ ನಾ ಮೊದಲಿಂದ ಹೇಳ್ಬೇಕು. ನಮ್ ಕಥಿ ಹೇಳಿ ಹೇಳಿ ನಂಗ ಬ್ಯಾಸರಾಗೈತಿ ತಂಗಿ.’ ವಾಟ್ಸಾಪ್ ಗ್ರೂಪ್ ಇತ್ತು. ಆದರೆ ಅದರಲ್ಲಿ ಗುಡ್ ಮಾರ್ನಿಂಗ್ ತುಂಬಿ, ಅಡ್ಮಿನ್ ಫೋನ್ ಬದಲಾಯಿಸಿ, ಸತ್ತುಹೋಗಿತ್ತು. ಹಾಗಾಗಿ ಕೊನೇ ಸೆಮಿಸ್ಟರಲ್ಲಿ ನಾನು ಒಂದು 200 ಪೇಜಿನ ಉದ್ದ ನೋಟ್‌ಬುಕ್ ತಗೊಂಡು ಬರೆಯೋಕೆ ಶುರು ಮಾಡಿದೆ. ಅಕ್ಕಾರಿಗೆ ಯಾವ ಹೊತ್ತಲ್ಲಿ ಫೋನ್ ಮಾಡಬಾರದು. ಕೊನೇ ಬಸ್ ತಪ್ಪಿದ್ರೆ ಯಾರ ಮನೇಲಿ ಉಳೀಬಹುದು. ನಾಡಕಚೇರಿಯಲ್ಲಿ ಸರ್ವರ್ ಸಾಮಾನ್ಯವಾಗಿ ಯಾವಾಗ ಸರಿಯಿರುತ್ತೆ. ಏನು ಕೇಳಬಾರದು. ಯಾವ ಅಜ್ಜಿಗೆ ನಾವು ಸುಳ್ಳು ಹೇಳಿದ್ವಿ, ಆ ಅಜ್ಜಿ ಕಂಡ್ರೆ ಏನು ಹೇಳಬೇಕು. ಮನೆಯವರ ಹೆಸರು, ಮನೆಯೊಳಗಿನ ಕಥೆ ಒಂದನ್ನೂ ಬರೀಲಿಲ್ಲ, ಪುಸ್ತಕ ಯಾರ ಕೈಗಾದರೂ ಸಿಗಬಹುದಲ್ಲ. ಬರೆದು ಮುಗಿಸಿ ಅಕ್ಕಾರಿಗೆ ಓದಿ ಹೇಳಿದೆ. ಎರಡು ಕಡೆ ‘ಇದನ್ನ ತಗಿ’ ಅಂದ್ರು, ತೆಗೆದೆ. ಈ ಸಲ ಸ್ಕೆಚ್ ಪೆನ್ ಬೇಕಾಗಲಿಲ್ಲ, ಹಾಳೆಯನ್ನೇ ಹರಿದೆ.

ಈಗ ಆ ಪುಸ್ತಕ ಮೂರನೇ ಹುಡುಗಿಯ ಕೈಯಲ್ಲಿದೆ. ನಾನು ಹೊಸಪೇಟೆಯಲ್ಲಿ ಕೆಲಸಕ್ಕಿದ್ದೀನಿ. ಹೋದ ವಾರ ರಾತ್ರಿ ಒಂಬತ್ತೂವರೆಗೆ ಅವಳು ಫೋನ್ ಮಾಡಿದ್ಳು.

‘ಅಕ್ಕಾ, ಕ್ಯಾಂಪ್ ಫಾರಂ ಮಾಡೀನಿ. ಅಕ್ಕಾರಿಗೆ ತೋರಿಸೀನಿ, ನಾಕು ಪ್ರಶ್ನೆ ಹೊಡದು ಹಾಕ್ಯಾರ. ಈಗ ಫಾರಂನ್ಯಾಗ ಬರೇ ಆರು ಪ್ರಶ್ನೆ ಉಳದಾವ. ಸರ್ ಇಷ್ಟ ಸಣ್ಣ ಫಾರಂ ಆದ್ರ ಹೆಂಗ ಅಂತ ಕೇಳ್ತಾರ. ಏನ್ ಹೇಳ್ಲಿ?’

ಹೊಡೆದು ಹಾಕಿದ ನಾಲ್ಕು ಪ್ರಶ್ನೆ ಯಾವುವು ಅಂತ ಕೇಳಿದೆ. ಓದಿ ಹೇಳಿದ್ಳು. ಅದರಲ್ಲಿ ಎರಡು ಪ್ರಶ್ನೆ ಏನು ತಪ್ಪು ಅಂತ ನನಗೂ ಹೊಳೀಲಿಲ್ಲ. ‘ಅಕ್ಕಾರನ್ನೇ ಕೇಳು, ಆದರೆ ಈಗ ಬೇಡ’ ಅಂದೆ. ‘ಒಂಬತ್ತರ ಮೇಲೆ ಅವರಿಗೆ ಫೋನ್ ಮಾಡಬಾರದು ಅಂತ ಪುಸ್ತಕದಲ್ಲಿ ಬರೆದಿದ್ದೀನಿ.’

‘ಓದೀನಿ ಅಕ್ಕಾ,’ ಅಂದ್ಳು. ‘ಅದಕ್ಕ ನಿಮಗ ಮಾಡಿದ್ದು.’